ಕೊನೆಯ ಸಲ ಅದು ನಿಂತದ್ದು ಹೇಗೆ? ಸ್ಟಾರ್ಟ್ ಆಗದ ಹುಲ್ಲಿನ ಮಷೀನೊಂದರ ಪ್ರಕರಣ

ಅರ್ಧ ದಿನದಲ್ಲಿ ಮುಗಿಯಬೇಕಿದ್ದ ಕೆಲಸಕ್ಕೆ ನಾನು ಎರಡೂವರೆ ದಿನ ತಿಂದ ಪ್ರಕರಣ ಇದು. ಸಣ್ಣ ಎಂಜಿನ್‌ಗಳ ರಿಪೇರಿ ಕಲಿಯುತ್ತಿರುವವರಿಗೆ ಗೆದ್ದ ಕತೆಗಳಿಗಿಂತ ಇಂಥವು ಹೆಚ್ಚು ಉಪಯೋಗಕ್ಕೆ ಬರುತ್ತವೆ ಅಂತ ಬರೆದಿಡುತ್ತಿದ್ದೇನೆ. ಯಾರ ಮಷೀನು, ಯಾವ ಕಂಪನಿಯದು ಎಂಬುದನ್ನು ಬೇಕೆಂದೇ ಬಿಟ್ಟಿದ್ದೇನೆ.

ಹಿನ್ನೆಲೆ

ಒಂದು ವಸತಿ ಸಮುಚ್ಚಯದ ಹುಲ್ಲುಹಾಸು ಕತ್ತರಿಸುವ ಮಷೀನು. ಒಂದೇ ಸಿಲಿಂಡರಿನ, ಸುಮಾರು 160 ಸಿಸಿಯ ಫೋರ್ ಸ್ಟ್ರೋಕ್ ಪೆಟ್ರೋಲ್ ಎಂಜಿನ್. ಹಗ್ಗ ಎಳೆದು ಸ್ಟಾರ್ಟ್ ಮಾಡಿ, ಹಿಂದಿನಿಂದ ತಳ್ಳಿಕೊಂಡು ಹೋಗುವಂಥದ್ದು. ಬ್ಲೇಡು ಕ್ರ್ಯಾಂಕ್ ದಂಡದ, ಅಂದರೆ ಪಿಸ್ಟನ್ನಿನ ಓಟಕ್ಕೆ ತಿರುಗುವ ದಂಡದ, ಕೆಳತುದಿಗೆ ನೇರವಾಗಿ ಬೋಲ್ಟ್ ಆಗಿದೆ. ನಡುವೆ ಬೆಲ್ಟೂ ಇಲ್ಲ, ಕ್ಲಚ್ಚೂ ಇಲ್ಲ. ಈ ಮಾತು ಆಮೇಲೆ ಬೇಕಾಗುತ್ತದೆ.

ಮಷೀನನ್ನು ತಂದುಕೊಟ್ಟವರು ಅಲ್ಲಿಯ ಮೇಲ್ವಿಚಾರಕರು. ಓಡಿಸುತ್ತಿದ್ದವನು ಅವರ ಕೈಕೆಳಗಿನ ಮಾಲಿ, ಚಿಕ್ಕ ವಯಸ್ಸಿನ ಹುಡುಗ. ಅವನು ಅವತ್ತು ಜೊತೆಗೆ ಬಂದಿರಲಿಲ್ಲ. ಮೇಲ್ವಿಚಾರಕರು ಹೇಳಿದ್ದು ಇಷ್ಟು: "ಐದು ತಿಂಗಳು ಶೆಡ್ಡಲ್ಲಿ ನಿಂತಿತ್ತು. ನಿಲ್ಲಿಸೋವಾಗ ಚೆನ್ನಾಗೇ ಓಡ್ತಿತ್ತು. ಈಗ ಸ್ಟಾರ್ಟ್ ಆಗ್ತಿಲ್ಲ. ಪ್ಲಗ್ ಹೊಸದು ಹಾಕಿಸಿದೀವಿ."

ಐದು ತಿಂಗಳು ಎಂದ ಕೂಡಲೇ ನನ್ನ ತಲೆಯಲ್ಲಿ ತೀರ್ಪು ಬರೆದಾಗಿತ್ತು. ಹಳೇ ಪೆಟ್ರೋಲು, ಕಟ್ಟಿಕೊಂಡ ಜೆಟ್ಟು, ಅಂದರೆ ಪೆಟ್ರೋಲು ಹಾಯುವ ಸಣ್ಣ ತೂತು. ನಿಂತು ನಿಂತು ಕೆಟ್ಟ ಹುಲ್ಲಿನ ಮಷೀನು ಬಂತೆಂದರೆ ಸಾಮಾನ್ಯವಾಗಿ ಕಾಯಿಲೆ ಅದೇ. "ಚೆನ್ನಾಗೇ ಓಡ್ತಿತ್ತು" ಎಂದವರು ಕಣ್ಣಾರೆ ನೋಡಿದ್ದರೋ, ಯಾರೋ ಹೇಳಿದ್ದನ್ನು ಹೇಳುತ್ತಿದ್ದಾರೋ ಎಂದು ನಾನು ಕೇಳಲಿಲ್ಲ.

ಮೊದಲ ದಿನ

ಹ್ಯಾಂಡಲ್ಲಿನ ಲಿವರ್‌ನಿಂದ ಶುರು ಮಾಡುವುದು ನನ್ನ ರೂಢಿ. ಈ ಮಷೀನುಗಳಲ್ಲಿ ಲಿವರ್ ಒತ್ತಿ ಹಿಡಿಯದಿದ್ದರೆ ದಂಡದ ಮೇಲ್ತುದಿಯ ಭಾರದ ಚಕ್ರಕ್ಕೆ, ಅಂದರೆ ಫ್ಲೈವೀಲಿಗೆ, ಬ್ರೇಕು ಬೀಳುತ್ತದೆ, ಜೊತೆಗೆ ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್‌ನ ಕರೆಂಟು ಅರ್ತ್ ಆಗಿ ಕಿಡಿಯೂ ನಿಲ್ಲುತ್ತದೆ. ಕೇಬಲ್ ಸಡಿಲವಾಗಿ ಲಿವರ್ ಪೂರ್ತಿ ಎಳೆಯದೇ ಇದ್ದದ್ದಕ್ಕೆ ಇಡೀ ಎಂಜಿನ್ ಬಿಚ್ಚಿಸಿಕೊಂಡ ಮಷೀನುಗಳನ್ನು ನೋಡಿದ್ದೇನೆ. ಇಲ್ಲಿ ಕೇಬಲ್ ಸರಿಯಿತ್ತು.

ಪ್ಲಗ್ ಬಿಚ್ಚಿದೆ. ಒದ್ದೆ. ಬರೀ ಒದ್ದೆಯಲ್ಲ, ಪೆಟ್ರೋಲು ಮತ್ತು ಎಂಜಿನ್ ಆಯಿಲ್ ಬೆರೆತ ಕಪ್ಪು ಜಿಡ್ಡು. ಆಯಿಲ್ ನೋಡುವ ಕಡ್ಡಿ ತೆಗೆದು ಮೂಸಿದರೆ ಅಲ್ಲೂ ಪೆಟ್ರೋಲಿನ ವಾಸನೆ. ಮಟ್ಟ ಗುರುತಿಗಿಂತ ಒಂದು ಬೆರಳು ಮೇಲೆ. ಏರ್ ಫಿಲ್ಟರ್ ಪೆಟ್ಟಿಗೆ ತೆರೆದರೆ ಕಾಗದದ ಫಿಲ್ಟರ್ ಆಯಿಲ್ ಕುಡಿದು ಬೋಂಡಾದ ಕೆಳಗಿನ ಪೇಪರಿನಂತಾಗಿತ್ತು.

ನಾನು ಕೂಡಿಸಿದ ಲೆಕ್ಕ ಹೀಗೆ: ಗಾಳಿಗೆ ಪೆಟ್ರೋಲು ಬೆರೆಸುವ ಕಾರ್ಬೊರೇಟರಿನಲ್ಲಿ, ತೊಟ್ಟಿ ತುಂಬಿದಾಗ ಪೆಟ್ರೋಲು ತಡೆಯುವ ಸೂಜಿ ವಾಲ್ವು ಸರಿಯಾಗಿ ಕೂರುತ್ತಿಲ್ಲ, ತೊಟ್ಟಿ ಉಕ್ಕಿ ಪೆಟ್ರೋಲು ಸಿಲಿಂಡರಿಗೆ, ಅಲ್ಲಿಂದ ರಿಂಗುಗಳ ಸಂದಿಯಲ್ಲಿ ಇಳಿದು ಆಯಿಲಿಗೆ ಸೇರಿದೆ. ಎಲ್ಲ ಗುರುತುಗಳೂ ಹೊಂದುತ್ತಿದ್ದವು. ಸೂಜಿ ತೆಗೆದು ಭೂತಗನ್ನಡಿ ಹಿಡಿದು ನೋಡಿದೆ. ತುದಿಯಲ್ಲಿ ಉಂಗುರದಂತೆ ಸವೆದ ಗೆರೆ ಇರಬೇಕಿತ್ತು. ಇರಲಿಲ್ಲ. ತಿರುಗಿಸಿ ತಿರುಗಿಸಿ ನೋಡಿದೆ, ಹೊಸದರಂತಿತ್ತು. ತೊಟ್ಟಿಯನ್ನು ಕೂರಿಸಿ, ಪೆಟ್ರೋಲು ಬಿಟ್ಟು, ಹತ್ತು ನಿಮಿಷ ಕಾದರೂ ಒಂದು ಹನಿ ಉಕ್ಕಲಿಲ್ಲ.

ಆಗ ಫೋನ್ ಮಾಡಿದೆ. "ನೀವುಗಳು ಏನೇನು ಮಾಡಿ ನೋಡಿದ್ರಿ?" ಪ್ಲಗ್ ಬಿಚ್ಚಿ ಆ ತೂತಿನಿಂದಲೇ ಪೆಟ್ರೋಲು ಸುರಿದು ಎಳೆದಿದ್ದರಂತೆ. ಒಂದು ಸಲವಲ್ಲ. ಅದಕ್ಕೂ ಮೊದಲು ಅಡಿಯ ಹುಲ್ಲು ಕೆರೆಯುವುದಕ್ಕೆ ಮಷೀನನ್ನು ಮಗ್ಗುಲಿಗೆ ಮಲಗಿಸಿದ್ದರಂತೆ, ಏರ್ ಫಿಲ್ಟರ್ ಕೆಳಗಾಗುವ ಹಾಗೆ. ಮಲಗಿಸಲೇಬೇಕಿದ್ದರೆ ಕಾರ್ಬೊರೇಟರ್ ಮತ್ತು ಫಿಲ್ಟರ್ ಇರುವ ಮಗ್ಗುಲು ಮೇಲಕ್ಕೆ ಬರಬೇಕು. ತಿರುಗುಮುರುಗಾದರೆ ಆಯಿಲು ಉಸಿರುನಳಿಗೆಯ ದಾರಿ ಹಿಡಿದು ಫಿಲ್ಟರಿಗೆ ನುಗ್ಗುತ್ತದೆ.

ಎಂದರೆ ಪ್ಲಗ್ಗಿನ ಒದ್ದೆ, ಆಯಿಲಿನ ವಾಸನೆ, ಫಿಲ್ಟರಿನ ಜಿಡ್ಡು ಮೂರೂ ಮಷೀನಿನ ಕಾಯಿಲೆಯ ಗುರುತುಗಳಲ್ಲ. ಔಷಧಿ ಕೊಡಲು ಹೋದವರ ಬೆರಳಚ್ಚುಗಳು. ಮಷೀನು ತಾನಾಗಿ ಮಾಡಿಕೊಂಡದ್ದು ಯಾವುದು, ಜನ ಅದಕ್ಕೆ ಮಾಡಿದ್ದು ಯಾವುದು ಎಂದು ಬೇರೆ ಮಾಡಿಕೊಳ್ಳದೆ ನಾನು ಸೂಜಿಯ ಬೆನ್ನು ಹತ್ತಿದ್ದೆ. ಎರಡು ಗಂಟೆ ಹೋಯಿತು. ಇದು ಮೊದಲ ಎಡವಟ್ಟು, ಹೋಲಿಸಿದರೆ ಸಣ್ಣದು.

ಪೆಟ್ರೋಲು ಬೆರೆತ ಆಯಿಲನ್ನು ಪೂರ್ತಿ ಬಸಿದು ಹೊಸದು ತುಂಬಿದೆ. ಈ ಕೆಲಸವನ್ನು ಸ್ಟಾರ್ಟ್ ಆದ ಮೇಲೆ ನೋಡೋಣ ಎಂದು ಮುಂದಕ್ಕೆ ಹಾಕಬಾರದು, ತೆಳುವಾದ ಆಯಿಲಿನಲ್ಲಿ ಎಂಜಿನ್ ಓಡಿದರೆ ಬೇರಿಂಗಿಗೆ ಕುತ್ತು. ಫಿಲ್ಟರ್ ಬದಲಾಯಿಸಿದೆ. ಪ್ಲಗ್ ಒರೆಸಿ, ಗ್ಯಾಪ್ 0.76 ಮಿ.ಮೀ.ಗೆ ಇಟ್ಟು, ಸಿಲಿಂಡರಿನಲ್ಲಿದ್ದ ಪೆಟ್ರೋಲೆಲ್ಲ ಆರಿದ ಮೇಲೆ, ಸುತ್ತ ಎಲ್ಲೂ ಹಸಿ ಇಲ್ಲವೆಂದು ನೋಡಿಕೊಂಡು ಕಿಡಿ ಪರೀಕ್ಷಿಸಿದೆ. ನೀಲಿ, ಗಟ್ಟಿ ಕಿಡಿ. ಪ್ಲಗ್ಗಿನ ತೂತಿಗೆ ಹೆಬ್ಬೆರಳು ಒತ್ತಿ ಹಗ್ಗ ಎಳೆದರೆ ಗಾಳಿ ಬೆರಳನ್ನು ಒದ್ದು ಹೊರಬಂತು. ಕಂಪ್ರೆಶನ್ನೂ, ಅಂದರೆ ಸಿಲಿಂಡರಿನೊಳಗಿನ ಒತ್ತಡವೂ, ಇದೆ.

ಉಳಿದದ್ದು ಪೆಟ್ರೋಲು. ಅದಕ್ಕೊಂದು ಸುಲಭ ಪರೀಕ್ಷೆಯಿದೆ: ಕಾರ್ಬೊರೇಟರಿನ ಬಾಯಿಗೆ ಅರ್ಧ ಚಮಚ ಹೊಸ ಪೆಟ್ರೋಲು ಹಾಕಿ ಎಳೆಯುವುದು. ಎರಡು ಮೂರು ಸೆಕೆಂಡು ಓಡಿ ನಿಂತರೆ ಕಿಡಿ, ಕಂಪ್ರೆಶನ್ ಎರಡೂ ಸರಿ, ಟ್ಯಾಂಕಿನಿಂದ ಪೆಟ್ರೋಲು ಬರುತ್ತಿಲ್ಲ ಎಂದರ್ಥ. ಹಾಕಿದೆ, ಎಳೆದೆ. "ಠಪ್" ಅಂತ ಒಂದೇ ಒಂದು ಸಲ ಗುಡುಗಿ, ಕಾರ್ಬೊರೇಟರಿನ ಬಾಯಿಂದ ಒಂದು ಉಂಡೆ ಹೊಗೆ ಉಗುಳಿ, ಸುಮ್ಮನಾಯಿತು.

ನನ್ನ ಚೀಟಿಯಲ್ಲಿ "ಹೊತ್ತಿಕೊಂಡಿತು, ಪೆಟ್ರೋಲಿನದೇ ತೊಂದರೆ" ಎಂದು ಬರೆದುಕೊಂಡೆ. ಆ ಚೀಟಿ ಇನ್ನೂ ಇದೆ. ಒಂದು ಸಲ ಗುಡುಗುವುದಕ್ಕೂ ಮೂರು ಸೆಕೆಂಡು ಓಡುವುದಕ್ಕೂ ಇರುವ ದೂರ ನನಗೆ ಗೊತ್ತಿರಲಿಲ್ಲ ಎಂದಲ್ಲ. ಐದು ತಿಂಗಳು ಎಂಬ ಮಾತು ಕಿವಿಯಲ್ಲೇ ಇತ್ತಲ್ಲ, ಬೇಕಾದ ಉತ್ತರವನ್ನೇ ಕೇಳಿಸಿಕೊಂಡೆ. ಹೊಗೆ ಬಂದದ್ದು ಸೈಲೆನ್ಸರಿನಿಂದಲ್ಲ, ಗಾಳಿ ಒಳಗೆ ಹೋಗುವ ಬಾಯಿಂದ. ಅದನ್ನೂ ನೋಡಿದೆ, ಬರೆಯಲಿಲ್ಲ.

ಸಿಕ್ಕಿದ ತಪ್ಪು

ಟ್ಯಾಂಕಿನ ಪೆಟ್ರೋಲನ್ನು ಗಾಜಿನ ಬಾಟಲಿಗೆ ಬಸಿದು ಕಿಟಕಿಯ ಬೆಳಕಿಗೆ ಇಟ್ಟೆ. ಬಣ್ಣ ಚಹಾದಂತೆ, ವಾಸನೆ ಹಳೇ ವಾರ್ನಿಶ್‌ನದು. ಸ್ವಲ್ಪ ಹೊತ್ತಿಗೆ ತಳದಲ್ಲಿ ಬೆರಳಗಲದ ಬೇರೊಂದು ಪದರ ಕಂಡಿತು. ಎಥನಾಲ್ ಬೆರೆತ ಪೆಟ್ರೋಲು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ; ನೀರು ಮಿತಿ ಮೀರಿದಾಗ ಎಥನಾಲ್ ಪೆಟ್ರೋಲಿನ ಸಂಗ ಬಿಟ್ಟು ನೀರಿನ ಜೊತೆ ಸೇರಿ ತಳಕ್ಕಿಳಿಯುತ್ತದೆ. ಕಾರ್ಬೊರೇಟರಿಗೆ ಹೋಗುವ ಪೈಪು ಇರುವುದೂ ಟ್ಯಾಂಕಿನ ತಳದಲ್ಲೇ.

ತೊಟ್ಟಿಯ ಒಳಗೆ ಹಸಿರು ಬಿಳಿ ಪುಡಿ. ತೊಟ್ಟಿಯನ್ನು ಹಿಡಿದಿಡುವ ಬೋಲ್ಟಿನಲ್ಲೇ ಈ ಎಂಜಿನ್ನಿನ ಮುಖ್ಯ ಜೆಟ್ ಇತ್ತು, ಒಂದು ಮಿ.ಮೀ.ಗಿಂತಲೂ ಕಿರಿದಾದ ತೂತು. ಬೆಳಕಿಗೆ ಹಿಡಿದರೆ ಆ ಕಡೆ ಕಾಣಲಿಲ್ಲ. ವೈರಿನೊಳಗಿನ ತಾಮ್ರದ ಒಂದು ಎಳೆ ಬಿಡಿಸಿ ಚುಚ್ಚಿ, ಕ್ಲೀನರ್ ಸಿಂಪಡಿಸಿ, ಗಾಳಿ ಹೊಡೆದೆ. ಉಕ್ಕಿನ ಸೂಜಿ ಹಾಕಬಾರದು, ಹಿತ್ತಾಳೆಯ ತೂತು ಅಗಲವಾಗಿಬಿಡುತ್ತದೆ. ಕೊನೆಗೆ ಸೂಜಿಮೊನೆಯಷ್ಟು ಬೆಳಕು ಗುಂಡಗೆ ಕಂಡಾಗ, ಸುಳ್ಳು ಹೇಳಬಾರದು, ಕೆಲಸ ಮುಗಿದಷ್ಟೇ ಸಂತೋಷವಾಯಿತು.

ಪ್ರಕರಣದ ನಿಜವಾದ ಗುಂಡಿ ಇದೇ. ಜೆಟ್ ಕಟ್ಟಿದ್ದು ಸುಳ್ಳಲ್ಲ. ಅದು ಕಟ್ಟಿದ್ದರೆ ಮಷೀನು ಸ್ಟಾರ್ಟ್ ಆಗುತ್ತಿರಲಿಲ್ಲ ಎಂಬುದೂ ಸುಳ್ಳಲ್ಲ. ಹುಡುಕಿದ್ದು ಸಿಕ್ಕಿತು, ಹುಡುಕುವುದನ್ನು ನಿಲ್ಲಿಸಿದೆ.

ಎರಡನೇ ದಿನ

ಹೊಸ ಪೆಟ್ರೋಲು, ಚೋಕ್ ಹಾಕಿ ಎಳೆದೆ. ಮೂರನೇ ಎಳೆತಕ್ಕೆ ಹಗ್ಗ ರಿವರ್ಸ್ ಹೊಡೆಯಿತು. ಹಿಡಿ ಕೈಯಿಂದ ಕಿತ್ತುಕೊಂಡು ಹೋಗಿ ಕವರಿಗೆ ಬಡಿಯಿತು, ಬೆರಳಿನ ಗೆಣ್ಣು ತರಚಿತು. ಮತ್ತೆ ಎಳೆದೆ: ಠಪ್, ಬಾಯಿಂದ ಹೊಗೆ. ಏಳನೇ ಸಲ ನಾಲ್ಕು ಸೆಕೆಂಡು ಕುಂಟುತ್ತ ಓಡಿ ನಿಂತಿತು.

ಆ ನಾಲ್ಕು ಸೆಕೆಂಡು ನನ್ನನ್ನು ಹಾಳು ಮಾಡಿತು. ಓಡಿತಲ್ಲ, ಹಾಗಾದರೆ ದಾರಿ ಸರಿ, ಇನ್ನೂ ಒಂದಿಷ್ಟು ಕಸ ಒಳಗಿರಬೇಕು ಎಂದು ಕಾರ್ಬೊರೇಟರನ್ನು ಮತ್ತೆ ಇಳಿಸಿದೆ. ಸಣ್ಣ ಓಟದ ಜೆಟ್ಟು, ನಡುವಿನ ಹಿತ್ತಾಳೆ ಕೊಳವೆ, ಎಲ್ಲ ತೆಗೆದು ರಾತ್ರಿಯೆಲ್ಲ ನೆನೆಸಿಟ್ಟೆ. ಪೆಟ್ರೋಲ್ ಮುಚ್ಚಳದ ಗಾಳಿತೂತನ್ನೂ ನೋಡಿದೆ. ಅದು ಮುಚ್ಚಿಹೋಗಿದ್ದರೆ ಟ್ಯಾಂಕಿನಿಂದ ಪೆಟ್ರೋಲು ಇಳಿಯದೆ ಎಂಜಿನ್ ಸ್ವಲ್ಪ ಓಡಿ ನಿಲ್ಲುತ್ತದೆ. ತೆರೆದೇ ಇತ್ತು. ಬೆಳಗ್ಗೆ ಜೋಡಿಸಿ ಎಳೆದರೆ ಅದೇ ಠಪ್, ಅದೇ ರಿವರ್ಸ್.

ಆಮೇಲೆ ನನ್ನ ಬಳಿಯಿದ್ದ, ಓಡುವುದು ಖಾತ್ರಿಯಿದ್ದ ಇನ್ನೊಂದು ಕಾಯಿಲ್ ಹಾಕಿದೆ. ಕಾಯಿಲಿಗೂ ಫ್ಲೈವೀಲಿನ ಅಯಸ್ಕಾಂತಕ್ಕೂ ನಡುವೆ ವಿಸಿಟಿಂಗ್ ಕಾರ್ಡ್ ಇಟ್ಟು, 0.25ರಿಂದ 0.35 ಮಿ.ಮೀ. ಅಂತರ ಬರುವಂತೆ ಬಿಗಿದೆ. ಬದಲಾಗಲಿಲ್ಲ. ಕಿಡಿ ಬರುತ್ತಿರುವುದನ್ನು ಮೊದಲೇ ನೋಡಿದ್ದವನು ಕಾಯಿಲ್ ಯಾಕೆ ಬದಲಾಯಿಸಿದೆ ಎಂದು ಕೇಳಿದರೆ ನನ್ನಲ್ಲಿ ಮರ್ಯಾದಸ್ಥ ಉತ್ತರವಿಲ್ಲ. ಕೈ ಸುಮ್ಮನಿರಲಿಲ್ಲ, ಅಷ್ಟೆ.

ತಿರುವು

ಮೂರನೇ ದಿನವಾದ ಅದೇ ಬೆಳಗ್ಗೆ ಮಷೀನು ಒಯ್ಯಲು ಮಾಲಿ ಬಂದ. ಇನ್ನೂ ಆಗಿಲ್ಲ ಎಂದು ತೋರಿಸಲು ಅವನೆದುರಿಗೇ ಎಳೆದೆ. ಹಗ್ಗ ಕಿತ್ತುಕೊಂಡಿತು. ಅವನು ನಕ್ಕ.

"ನಂಗೂ ಹಿಂಗೇ ಮಾಡ್ತು ಅಣ್ಣಾ ಅವತ್ತು. ಕೈ ಉಳುಕಿತ್ತು."

"ಯಾವತ್ತು?"

ನಗು ನಿಂತಿತು. ಅವನು ಮಷೀನನ್ನೇ ನೋಡುತ್ತ ನಿಂತ. ನಾನು ಪಾನಾ ಕೆಳಗಿಟ್ಟೆ. "ನೋಡಪ್ಪಾ, ಯಾರು ಮಾಡಿದ್ರು ಅಂತ ನಂಗೆ ಬೇಕಾಗಿಲ್ಲ. ಕೊನೇ ಸಲ ಇದು ನಿಂತದ್ದು ಹೇಗೆ? ನೀನು ನಿಲ್ಲಿಸಿದ್ಯೋ, ಅದೇ ನಿಂತ್ತೋ?"

"ಅದೇ ನಿಂತ್ತು." ಸ್ವಲ್ಪ ತಡೆದು, "ಕಟ್ಟೆಗೆ ತಾಗ್ತು. ಹುಲ್ಲು ಎದ್ದಿತ್ತು, ಕಾಣ್ಲಿಲ್ಲ."

ನೀರಿನ ವಾಲ್ವಿನ ಗುಂಡಿಯ ಸುತ್ತ ಕಟ್ಟಿದ ಸಿಮೆಂಟಿನ ಅಂಚು. ಬ್ಲೇಡು ಅದಕ್ಕೆ ಬಡಿದು ಎಂಜಿನ್ ಒಂದೇ ಏಟಿಗೆ ನಿಂತಿತ್ತು. ಎರಡು ಸಲ ಹಗ್ಗ ಎಳೆದಿದ್ದಾನೆ, ರಿವರ್ಸ್ ಹೊಡೆದಿದೆ, ಹೆದರಿ ತಳ್ಳಿಕೊಂಡು ಹೋಗಿ ಶೆಡ್ಡಿನಲ್ಲಿ ನಿಲ್ಲಿಸಿದ್ದಾನೆ. ಹುಲ್ಲು ಬೆಳೆಯುವ ಕಾಲವೂ ಮುಗಿಯುತ್ತ ಬಂದಿತ್ತು, ಯಾರೂ ಕೇಳಲಿಲ್ಲ. ಐದು ತಿಂಗಳು ಕಳೆಯುವಷ್ಟರಲ್ಲಿ ಅದು "ಚೆನ್ನಾಗೇ ಓಡ್ತಿದ್ದ" ಮಷೀನಾಗಿತ್ತು.

ಕೀ

ಬ್ಲೇಡು ದಂಡಕ್ಕೆ ನೇರ ಬೋಲ್ಟ್ ಆಗಿದೆ ಎಂದೆನಲ್ಲ. ಬ್ಲೇಡು ಕಲ್ಲಿಗೆ ಬಡಿದು ತಟ್ಟನೆ ನಿಂತರೆ ದಂಡವೂ ತಟ್ಟನೆ ನಿಲ್ಲುತ್ತದೆ. ದಂಡದ ಮೇಲ್ತುದಿಯಲ್ಲಿ ಕೂತಿರುವ ಭಾರದ ಫ್ಲೈವೀಲು ಮಾತ್ರ ಹಾಗೆ ನಿಲ್ಲದು. ಮಿನಿಟಿಗೆ ಮೂರು ಸಾವಿರ ಸುತ್ತಿನ ಓಟದಲ್ಲಿರುವುದು ಅದೇ ಹುಮ್ಮಸ್ಸಿನಲ್ಲಿ ಇನ್ನಷ್ಟು ಮುಂದೆ ತಿರುಗಲು ನೋಡುತ್ತದೆ. ದಂಡಕ್ಕೂ ಫ್ಲೈವೀಲಿಗೂ ನಡುವೆ ಕೊರೆದ ಸೀಳಿನಲ್ಲಿ ಒಂದು ಪುಟ್ಟ ಮೆದು ಲೋಹದ ತುಂಡಿದೆ. ಅದೇ ಕೀ. ಫ್ಲೈವೀಲನ್ನು ಬಿಗಿಯಾಗಿ ಹಿಡಿದಿಡುವುದು ಕೀ ಅಲ್ಲ, ದಂಡದ ಓರೆಯ (ತುದಿಗೆ ಹೋದಂತೆ ಸಣ್ಣಗಾಗುವ ಭಾಗದ) ಮೇಲಿನ ಬಿಗಿತ ಮತ್ತು ನಟ್ಟು. ಕೀಯ ಕೆಲಸ ಫ್ಲೈವೀಲು ಯಾವ ಕೋನದಲ್ಲಿ ಕೂರಬೇಕೆಂದು ತೋರಿಸುವುದು. ಇಂಥ ಏಟು ಬಿದ್ದಾಗ ಕತ್ತರಿಸಿಹೋಗುವುದೂ ಅದೇ.

ಕೀ ಜಾರಿದರೆ ಅಯಸ್ಕಾಂತ ಕಾಯಿಲಿನ ಎದುರಿಗೆ ಹೊತ್ತಿಗೆ ಮುಂಚೆ ಬರುತ್ತದೆ, ಕಿಡಿಯೂ ಹೊತ್ತಿಗೆ ಮುಂಚೆ. ಇಂಥ ಎಂಜಿನ್ನಿನಲ್ಲಿ ಪಿಸ್ಟನ್ ಮೇಲ್ತುದಿ ಮುಟ್ಟುವುದಕ್ಕೆ ಸುಮಾರು 20 ಡಿಗ್ರಿ ಇರುವಾಗ ಕಿಡಿ ಹಾರಬೇಕು. 20 ಮಿ.ಮೀ. ವ್ಯಾಸದ ದಂಡದ ಸುತ್ತಳತೆ ಹತ್ತಿರ ಹತ್ತಿರ 63 ಮಿ.ಮೀ. ಅದರ ಮೇಲೆ 2 ಮಿ.ಮೀ. ಜಾರಿದರೂ 11 ಡಿಗ್ರಿ ದಾಟಿತು. ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಬೆಂಕಿ ಹೊತ್ತಿಕೊಂಡರೆ ಅದು ಪಿಸ್ಟನ್ನನ್ನು ಬಂದ ದಾರಿಗೇ ಒದೆಯುತ್ತದೆ. ಹಗ್ಗ ರಿವರ್ಸ್ ಹೊಡೆಯುವುದು ಅದಕ್ಕೆ. ಪ್ಲಗ್ಗನ್ನು ಹೊರಗಿಟ್ಟು ನೋಡಿದರೆ ಕಿಡಿ ಎಷ್ಟು ಗಟ್ಟಿ ಎಂಬುದು ಗೊತ್ತಾಗುತ್ತದೆ, ಎಷ್ಟು ಹೊತ್ತಿಗೆ ಎಂಬುದು ಗೊತ್ತಾಗುವುದಿಲ್ಲ. ನಾನು ಮೊದಲ ದಿನವೇ ಕಿಡಿಯ ಹೆಸರು ಹೊಡೆದುಹಾಕಿದ್ದು ಅರ್ಧ ಪರೀಕ್ಷೆಯ ಮೇಲೆ.

ಪ್ಲಗ್ಗಿನ ವೈರು ಕಿತ್ತು ದೂರ ಕಟ್ಟಿದೆ. ಹಗ್ಗದ ಕವರು ತೆಗೆದು, ಫ್ಲೈವೀಲನ್ನು ಪಟ್ಟಿಯಿಂದ ಸುತ್ತಿ ಹಿಡಿದು ನಟ್ಟು ಬಿಚ್ಚಿದೆ. ಗಾಳಿ ಬೀಸುವ ರೆಕ್ಕೆಗಳ ನಡುವೆ ಸ್ಕ್ರೂಡ್ರೈವರ್ ತುರುಕಿ ಹಿಡಿಯುವವರಿದ್ದಾರೆ. ರೆಕ್ಕೆ ಮುರಿದರೆ ಫ್ಲೈವೀಲೇ ಹೋಯಿತು. ನಟ್ಟು ಬಂದ ಕೂಡಲೇ, ಫ್ಲೈವೀಲು ಎತ್ತುವ ಮೊದಲೇ ಕಂಡಿತು: ದಂಡದ ಸೀಳು ಒಂದು ಕಡೆ, ಫ್ಲೈವೀಲಿನ ಸೀಳು ಇನ್ನೊಂದು ಕಡೆ, ಹಲ್ಲು ವಕ್ರವಾದ ಬಾಯಿಯಂತೆ. ಪುಲ್ಲರ್ ಹಾಕಿ ಎತ್ತಿದೆ. ಕೀ ಪೂರ್ತಿ ತುಂಡಾಗಿರಲಿಲ್ಲ, ನಡುವಿನಲ್ಲಿ ಕತ್ತರಿಸಿ ಮೆಟ್ಟಿಲಿನಂತಾಗಿತ್ತು. ಮಾಲಿ ಅದನ್ನು ಅಂಗೈಯಲ್ಲಿಟ್ಟುಕೊಂಡು ತುಂಬ ಹೊತ್ತು ನೋಡಿದ. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು.

ಹೊಸ ಕೀ ಹಾಕುವ ಮೊದಲು ಒಂದು ತೀರ್ಮಾನ ಬಾಕಿಯಿತ್ತು. ಕೀ ಮುರಿದದ್ದರಿಂದ ದಂಡ ಬಚಾವಾಗಿದೆ ಎಂದು ನಂಬುವಂತಿಲ್ಲ. ಬ್ಲೇಡು ಬಿಚ್ಚಿ, ಪ್ಲಗ್ ತೆಗೆದು, ದಂಡದ ಕೆಳತುದಿಯ ಪಕ್ಕಕ್ಕೆ ಒಂದು ತಂತಿಯ ಮೊನೆಯನ್ನು ಕದಲದಂತೆ ನಿಲ್ಲಿಸಿ, ನಿಧಾನ ತಿರುಗಿಸಿದೆ. ಮೊನೆಗೂ ದಂಡಕ್ಕೂ ನಡುವಿನ ಬೆಳಕಿನ ಗೆರೆ ಸುತ್ತೂ ಒಂದೇ ಸಮ ಇತ್ತು. ಏರಿಳಿದಿದ್ದರೆ ದಂಡ ಬಾಗಿದೆ, ಆ ಎಂಜಿನ್ನನ್ನು ಓಡಿಸುವುದಿಲ್ಲ ಎಂದು ಅಲ್ಲೇ ಹೇಳಿಬಿಡುತ್ತಿದ್ದೆ. ಬ್ಲೇಡಿನ ಒಂದು ತುದಿ ಮಾತ್ರ ಮೇಲಕ್ಕೆ ಮಡಚಿತ್ತು. ಬಡಿದು ನೆಟ್ಟಗೆ ಮಾಡಿದ ಬ್ಲೇಡು ಎಲ್ಲಿ ಬಿರಿದಿದೆಯೋ ಕಾಣುವುದಿಲ್ಲ, ಆದ್ದರಿಂದ ಹೊಸದು.

ಉಕ್ಕಿನ ಕೀ ಮಾಡಿ ಹಾಕಿಬಿಡಿ, ಮತ್ತೆ ಮುರಿಯದ ಹಾಗೆ, ಎಂದು ಅಲ್ಲಿದ್ದವರೊಬ್ಬರು ಸಲಹೆ ಕೊಟ್ಟರು. ಆ ಕೀ ಮುರಿಯಲೆಂದೇ ಇರುವುದು. ಅದು ಮುರಿಯದಿದ್ದರೆ ಏಟು ಅದಕ್ಕಿಂತ ಬೆಲೆಬಾಳುವ ಇನ್ನೇನನ್ನಾದರೂ ಹುಡುಕಿಕೊಳ್ಳುತ್ತದೆ. ಕಂಪನಿಯ ಮೆದು ಕೀಯನ್ನೇ ಹಾಕಿದೆ. ಓರೆಯ ಎರಡೂ ಮುಖ ಒರೆಸಿ, ಆಯಿಲ್ ಸೋಕದಂತೆ ಒಣಗಿಸಿ, ನಟ್ಟನ್ನು ಟಾರ್ಕ್ ಪಾನಾದಲ್ಲಿ ಎಂಜಿನ್ ತಯಾರಕರು ಹೇಳಿದಷ್ಟೇ ಬಿಗಿದೆ. ನಟ್ಟು ಸಡಿಲವಿದ್ದರೆ ಕಲ್ಲಿಗೆ ತಾಗದೆಯೂ ಕೀ ಕತ್ತರಿಸೀತು.

ಎರಡನೇ ಎಳೆತಕ್ಕೆ ಓಡಿತು. ಬಿಚ್ಚಿ ಜೋಡಿಸಿದ್ದೆಲ್ಲ ಸೇರಿ ಒಂದು ಗಂಟೆಯೂ ಆಗಿರಲಿಲ್ಲ.

ಬಿಲ್ಲಿನಲ್ಲಿ ಏನು ಬರೆಯುವುದು

ಎರಡೂ ತೊಂದರೆ ಒಂದೇ ಮಷೀನಿನಲ್ಲಿ, ಎರಡರ ಲಕ್ಷಣವೂ ಒಂದೇ: ಸ್ಟಾರ್ಟ್ ಆಗುವುದಿಲ್ಲ. ಜೆಟ್ ಕಟ್ಟಿದ್ದು ಮಷೀನು ನಿಂತಿದ್ದರ ಫಲ. ಅದು ನಿಂತಿದ್ದೇ ಕೀ ಮುರಿದದ್ದರಿಂದ. ನಾನು ಹಿಂದೆಮುಂದಾಗಿ ಬಿಡಿಸುತ್ತ ಹೋಗಿದ್ದೆ. "ಎಷ್ಟು ದಿನ ನಿಂತಿತ್ತು" ಎಂದು ಕೇಳಿದ್ದಕ್ಕೆ ಸಿಕ್ಕಿದ್ದು ಎರಡನೇ ತೊಂದರೆ. ಮೊದಲನೆಯದು ಸಿಕ್ಕಿದ್ದು "ನಿಂತದ್ದು ಹೇಗೆ" ಎಂದು ಕೇಳಿದ್ದಕ್ಕೆ, ಅದೂ ಓಡಿಸಿದವನನ್ನೇ ಕೇಳಿದ್ದಕ್ಕೆ, ಅವನ ಮೇಲಿನವರು ಎದುರಿಗಿಲ್ಲದಾಗ. ಈಗ ಮಷೀನು ತರುವವರಿಗೆ ಫೋನಿನಲ್ಲೇ ಹೇಳುತ್ತೇನೆ, ಓಡಿಸುವವರನ್ನೂ ಕಳಿಸಿ ಎಂದು. ಬರುವವರು ಕಡಿಮೆ. ಬಂದಾಗ ಉಳಿಯುವ ಸಮಯ ಮಾತ್ರ ಕಡಿಮೆಯಲ್ಲ.

ಬಿಲ್ಲು ಬರೆಯುವಾಗ ಕೈ ತಡೆಯಿತು. ಬರೀ "ಕಾರ್ಬೊರೇಟರ್ ಸರ್ವಿಸ್" ಎಂದು ಬರೆದರೆ ಹುಡುಗ ಬಚಾವು. ಆದರೆ ಆ ಸಿಮೆಂಟಿನ ಅಂಚು ಅಲ್ಲೇ ಇರುತ್ತದೆ, ಹುಲ್ಲು ಮತ್ತೆ ಏಳುತ್ತದೆ, ಮುಂದಿನ ಸಲ ಮುರಿದ ಬ್ಲೇಡಿನ ಚೂರು ಯಾರ ಕಾಲಿಗೆ ಹಾರುತ್ತದೋ. "ಬ್ಲೇಡು ವಾಲ್ವ್ ಗುಂಡಿಯ ಅಂಚಿಗೆ ತಾಗಿ ಫ್ಲೈವೀಲ್ ಕೀ ಕತ್ತರಿಸಿದೆ. ಅಂಚಿನ ಬಳಿ ಎತ್ತರದ ಗುರುತು ನೆಡಬೇಕು" ಎಂದು ಬರೆದೆ.

ಮೇಲ್ವಿಚಾರಕರು ಓದಿ, "ಯಾರು ಓಡಿಸ್ತಿದ್ದಾಗ ಆದದ್ದು ಇದು?" ಎಂದರು.

"ಕೀ ನೋಡಿದ್ರೆ ಅದು ಗೊತ್ತಾಗಲ್ಲ ಸರ್" ಎಂದೆ. ಅವರು ಬಿಲ್ಲನ್ನು ಮಡಚಿ ಜೇಬಿಗಿಟ್ಟುಕೊಂಡರು. ತಿಂಗಳ ನಂತರ ಬ್ಲೇಡಿನ ಬೋಲ್ಟು ಬಿಗಿ ಇದೆಯೇ ನೋಡಲು ಅಲ್ಲಿಗೆ ಹೋಗಿದ್ದೆ. ಗುಂಡಿಯ ನಾಲ್ಕೂ ಮೂಲೆಗೆ ಸೊಂಟದೆತ್ತರದ ಕಬ್ಬಿಣದ ಸರಳುಗಳು, ತುದಿಗೆ ಕೆಂಪು ಬಣ್ಣ.